ಪರದೇಶದ ಗೋಡೆ, ಹಲವರ ಕೈ: ಸಾಮುದಾಯಿಕ ಮೊಸಾಯಿಕ್‌ನಲ್ಲಿ ಕಲಾವಿದರ ಸ್ವಾತಂತ್ರ್ಯ – ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ರೆಸಿಡೆನ್ಸಿಗೋ (ಕೆಲಕಾಲ ಅಲ್ಲೇ ಉಳಿದು ಕಲೆ ಮಾಡುವ ಆಹ್ವಾನ) ಕಲಾ ಉತ್ಸವಕ್ಕೋ ಹೊರದೇಶಕ್ಕೆ ಹೋಗಿ, ಅಲ್ಲಿನ ಶಾಲೆಯ ಗೋಡೆ, ಪಾರ್ಕಿನ ಮೆಟ್ಟಿಲು, ಬಸ್ ತಂಗುದಾಣದ ಬೆಂಚಿನ ಮೇಲೆ ಊರಿನವರನ್ನೂ ಸೇರಿಸಿಕೊಂಡು ಮೊಸಾಯಿಕ್ (ಟೈಲ್, ಗಾಜು, ಕಲ್ಲಿನ ಚೂರು ಜೋಡಿಸಿದ ಚಿತ್ರ) ಮಾಡುವ ಕಲಾವಿದರಿಗಾಗಿ ಈ ಪುಟ. ಹೆಚ್ಚಿನವರು ಕೇಳುವುದು ಸ್ವಾತಂತ್ರ್ಯದ ಬಗ್ಗೆ. ಅದರ ಉತ್ತರ ಅರ್ಧ ಒಪ್ಪಂದದ ಕಾಗದದಲ್ಲಿದೆ, ಇನ್ನರ್ಧ ಅಂಟು, ಗಾರೆ ಮತ್ತು ಚೂರುಗಳ ನಡುವಿನ ಸಂದು ತುಂಬುವ ಗ್ರೌಟ್‌ನಲ್ಲಿದೆ. ಹಾಗಾಗಿ ಇಲ್ಲಿ ಎರಡೂ ಒಟ್ಟಿಗೇ ಬರುತ್ತವೆ.

ಹತ್ತಾರು ಜನ ಸೇರಿ ಮಾಡುವ ಕೆಲಸದಲ್ಲಿ ನನ್ನ ಕಲೆಗೆ ಎಷ್ಟು ಜಾಗ ಉಳಿಯುತ್ತದೆ?

ಯಾವ ತೀರ್ಮಾನ ಯಾರದು ಎಂದು ಮೊದಲ ಚೂರು ಕತ್ತರಿಸುವ ಮುಂಚೆ ಎಷ್ಟು ಸ್ಪಷ್ಟವಾಗಿ ಹಂಚಿಕೊಂಡಿದ್ದೀರೋ ಅಷ್ಟು. ಬಣ್ಣದ ಭಿತ್ತಿಚಿತ್ರದಲ್ಲಿ ಇವತ್ತು ಬಳಿದದ್ದನ್ನು ನಾಳೆ ಮುಚ್ಚಬಹುದು. ಮೊಸಾಯಿಕ್‌ನಲ್ಲಿ ಗಾರೆ ಗಟ್ಟಿಯಾದ ಮೇಲೆ ಒಂದು ಚೂರು ಬದಲಿಸಬೇಕೆಂದರೂ ಉಳಿ ಸುತ್ತಿಗೆ ಹಿಡಿಯಬೇಕು, ಅಕ್ಕಪಕ್ಕದ ನಾಲ್ಕು ಚೂರು ಜೊತೆಗೇ ಏಳುತ್ತವೆ. "ಮಾಡ್ತಾ ಮಾಡ್ತಾ ನೋಡೋಣ" ಎನ್ನುವುದು ಇಲ್ಲಿ ನಡೆಯುವುದಿಲ್ಲ.

ತೀರ್ಮಾನಗಳನ್ನು ಮೂರು ಪದರವಾಗಿ ವಿಂಗಡಿಸಿ. ಮೊದಲನೆಯದರಲ್ಲಿ ಯಾರಿಗೂ ಸ್ವಾತಂತ್ರ್ಯವಿಲ್ಲ: ಗೋಡೆ ಹೊರುವ ತೂಕ, ಹಿಮದ ಹೊಡೆತ, ಕಾಲು ಜಾರುವುದು, ಕೈ ಕುಯ್ಯುವ ಅಂಚು. ಇವು ಎಂಜಿನಿಯರ್ ಮತ್ತು ಆ ಊರಿನ ನಿಯಮಕ್ಕೆ ಬಿಟ್ಟದ್ದು. ಎರಡನೆಯದು ಮುಖ್ಯ ಕಲಾವಿದರದು: ಪ್ರಧಾನ ಗೆರೆಗಳು, ಬಣ್ಣಗಳ ಪಟ್ಟಿ, ಚೂರುಗಳ ಸಾಲು ಹರಿಯುವ ದಿಕ್ಕು, ಸಂದಿನ ಅಗಲ, ಗ್ರೌಟ್‌ನ ಬಣ್ಣ. ಈ ಐದು ನಿಮ್ಮ ಕೈಯಲ್ಲಿದ್ದರೆ ಮೂರನೆಯ ಪದರವನ್ನು, ಅಂದರೆ ಗೆರೆಗಳ ಒಳಗೆ ಏನು ತುಂಬಬೇಕು, ಯಾರ ಹೆಸರು, ಯಾರ ಮನೆಯ ಒಡೆದ ತಟ್ಟೆ ಎಲ್ಲಿ ಕೂರಬೇಕು ಎಂಬುದನ್ನು, ಭಾಗವಹಿಸುವವರಿಗೆ ಧಾರಾಳವಾಗಿ ಬಿಟ್ಟುಕೊಡಬಹುದು.

ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನ ಹಾವಿನಂತೆ ಬಳುಕುವ ಬೆಂಚನ್ನು ನೋಡಿ. ಉದ್ಯಾನ ವಾಸ್ತುಶಿಲ್ಪಿ ಗೌಡಿಯದು, ಬೆಂಚಿನ ಮೈಮೇಲಿನ ಒಡೆದ ಟೈಲ್‌ಗಳ ಕೆಲಸ ಬಹುಮಟ್ಟಿಗೆ ಅವರ ಸಹೋದ್ಯೋಗಿ ಜುಜೋಲ್‌ರದು. ಆಕಾರ ಗಟ್ಟಿಯಾಗಿ ನಿಂತಿದ್ದರಿಂದಲೇ ಮೇಲ್ಮೈ ಅಷ್ಟು ಸ್ವಚ್ಛಂದವಾಗಲು ಸಾಧ್ಯವಾಯಿತು.

ಎಲ್ಲರಿಗೂ ಬಿಟ್ಟುಕೊಟ್ಟರೆ ಕಲಸುಮೇಲೋಗರ ಆಗುವುದಿಲ್ಲವೇ?

ಬಣ್ಣ ಮತ್ತು ಗೆರೆ ಎರಡನ್ನೂ ಬಿಟ್ಟುಕೊಟ್ಟರೆ ಖಂಡಿತ ಆಗುತ್ತದೆ. ಎರಡರಲ್ಲಿ ಒಂದನ್ನು ಹಿಡಿದಿಟ್ಟುಕೊಂಡರೆ ಆಗುವುದಿಲ್ಲ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಇಟ್ಟವರು ಒಬ್ಬರು, ಎಳೆ ಎಳೆದವರು ಮೂವರು ಇದ್ದರೂ ಅಂಗಳ ಒಂದೇ ರಂಗೋಲಿಯಾಗಿ ಕಾಣುತ್ತದಲ್ಲ, ಹಾಗೆ.

ಕೈಯಲ್ಲಿ ಮಾಡಿ ನೋಡಿದ ಕ್ರಮ ಹೀಗಿದೆ. ಗೋಡೆಯ ಅಳತೆಗೆ ಪೂರ್ತಿ ಗಾತ್ರದ ಗೆರೆಚಿತ್ರ ಬರೆಯಿರಿ. ಕಣ್ಣು ಮೊದಲು ಹಿಡಿಯುವ ಗೆರೆಗಳನ್ನು, ಅಂದರೆ ನದಿಯ ದಡ, ಮರದ ಕಾಂಡ, ಆಕೃತಿಗಳ ಹೊರಗೆರೆಗಳನ್ನು, ನೀವು ಮತ್ತು ಕೈಪಳಗಿದ ಇಬ್ಬರು ಮೂವರು ಮೊದಲು ಹಾಕಿ ಮುಗಿಸಿ. ಒಂದು ಬಗೆಯ ಚೂರು, ಒಂದೇ ಅಗಲ, ಎರಡೇ ಬಣ್ಣ. ನಂತರ ಉಳಿದ ಜಾಗವನ್ನು ತುಂಡುಗಳಾಗಿ ಹಂಚಿ. ಪ್ರತಿ ತುಂಡಿಗೂ ಒಂದು ಡಬ್ಬಿ. ಡಬ್ಬಿಯಲ್ಲಿ ಆ ಜಾಗಕ್ಕೆ ನೀವು ಆರಿಸಿಟ್ಟ ಐದಾರು ಛಾಯೆಗಳು, ಜೊತೆಗೆ ಒಂದೆರಡು ಎದ್ದು ಕಾಣುವ ಬಣ್ಣದ ಒಂದು ಹಿಡಿ ಚೂರು. ಡಬ್ಬಿಯೊಳಗೆ ಏನು ಬೇಕಾದರೂ ಮಾಡಬಹುದು. ಬೇರೆ ಡಬ್ಬಿಗೆ ಕೈ ಹಾಕುವ ಹಾಗಿಲ್ಲ. ಇಷ್ಟು ನಿಯಮ ಸಾಕು. ಹೆಚ್ಚು ನಿಯಮ ಹೇಳಿದರೆ ಜನ ನಿಮ್ಮ ಕೂಲಿಯಾಳುಗಳಾಗುತ್ತಾರೆ, ಎರಡನೇ ದಿನ ಬರುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ 16ನೇ ಅವೆನ್ಯೂ ಮೆಟ್ಟಿಲು ಇದಕ್ಕೆ ಒಳ್ಳೆಯ ಉದಾಹರಣೆ. 163 ಮೆಟ್ಟಿಲುಗಳ ಆ ಕೆಲಸ 2005ರಲ್ಲಿ ಮುಗಿಯಿತು. ಕೆಳಗೆ ಸಮುದ್ರ, ಮೇಲೆ ಆಕಾಶ ಎನ್ನುವ ಒಟ್ಟು ಹರಿವು ಕಲಾವಿದರಾದ ಐಲೀನ್ ಬಾರ್ ಮತ್ತು ಕೊಲೆಟ್ ಕ್ರಚರ್ ಅವರದು. ನೆರೆಹೊರೆಯವರು ದೊಡ್ಡ ಸಂಖ್ಯೆಯಲ್ಲಿ ಅದಕ್ಕೆ ಕೈ ಜೋಡಿಸಿದರು. ದೂರದಿಂದ ಹರಿವು ಕಾಣುತ್ತದೆ, ಹತ್ತಿರ ಹೋದರೆ ಹೆಸರು ಹೊತ್ತ ಮೀನು, ಹಕ್ಕಿಗಳು ಕಾಣುತ್ತವೆ. ರಿಯೋ ಡಿ ಜನೈರೊದ ಸೆಲರಾನ್ ಮೆಟ್ಟಿಲಿನ ದಾರಿಯೇ ಬೇರೆ: ಚಿಲಿ ಮೂಲದ ಜಾರ್ಜ್ ಸೆಲರಾನ್ 1990ರಲ್ಲಿ ಯಾರ ಆದೇಶವೂ ಇಲ್ಲದೆ ತಮ್ಮ ಮನೆ ಮುಂದೆ ಆರಂಭಿಸಿ, ಲೋಕದ ನಾನಾ ಕಡೆಯಿಂದ ಬಂದ ಟೈಲ್‌ಗಳನ್ನು ಸೇರಿಸುತ್ತ, ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತ 2013ರಲ್ಲಿ ತೀರಿಕೊಳ್ಳುವವರೆಗೂ ಮುಂದುವರಿಸಿದರು. ಅಷ್ಟು ಸ್ವಾತಂತ್ರ್ಯ ಸಿಗುವುದು ಆಯಸ್ಸನ್ನೇ ಒಂದು ಬೀದಿಗೆ ಕೊಟ್ಟವರಿಗೆ. ಮೂರು ವಾರದ ವೀಸಾದಲ್ಲಿ ಹೋದವರು ಮೊದಲ ಮಾದರಿಯನ್ನು ಹಿಡಿಯುವುದೇ ಸರಿ.

ಒಪ್ಪಂದದಲ್ಲಿ ಏನೇನು ಬರೆಸಿಕೊಳ್ಳಬೇಕು?

ಎಲ್ಲಕ್ಕಿಂತ ಮೊದಲು: ಯಾವುದಕ್ಕೆ ಒಪ್ಪಿಗೆ ಪಡೆಯುತ್ತಿದ್ದೀರಿ ಎಂಬುದು. ಕಂಪ್ಯೂಟರ್‌ನಲ್ಲಿ ಮಾಡಿದ, ಫೋಟೊದಷ್ಟು ನುಣುಪಾದ ಚಿತ್ರವನ್ನು ಒಪ್ಪಿಗೆಗೆ ಕಳಿಸಬೇಡಿ. ಅದನ್ನು ಅವರು ಒಪ್ಪಿದ ಕ್ಷಣದಿಂದ ನೀವು ಅದರ ನಕಲುಗಾರರು. ಭಾಗವಹಿಸುವವರಿಗೂ ಏನೂ ಉಳಿಯುವುದಿಲ್ಲ. ಬದಲಿಗೆ ಮೂರು ಕೊಡಿ: ಗೆರೆಚಿತ್ರ, ಬಣ್ಣಪಟ್ಟಿ, ಮತ್ತು 60 × 60 ಸೆಂ.ಮೀ. ಅಳತೆಯ, ಗ್ರೌಟ್ ಹಾಕಿ ಒರೆಸಿದ ನಿಜವಾದ ಮಾದರಿ ಫಲಕ. "ಮುಗಿದ ಕೆಲಸದ ಗುಣಮಟ್ಟ ಈ ಫಲಕದಂತೆ ಇರುತ್ತದೆ, ತುಂಬುವ ಭಾಗದ ವಿವರಗಳನ್ನು ಸ್ಥಳದಲ್ಲಿ ಭಾಗವಹಿಸುವವರು ನಿರ್ಧರಿಸುತ್ತಾರೆ" ಎಂಬ ವಾಕ್ಯ ಒಪ್ಪಂದದಲ್ಲಿ ಇರಲಿ.

ಎರಡನೆಯದು, ಒಪ್ಪಿಗೆ ಕೊಡುವವರು ಯಾರು. "ಸಮಿತಿ" ಎಂದಷ್ಟೇ ಬರೆದರೆ ಸಮಿತಿಯ ಪ್ರತಿಯೊಬ್ಬರೂ ಬೇರೆ ಬೇರೆ ದಿನ ಬೇರೆ ಬೇರೆ ಬದಲಾವಣೆ ಕೇಳುತ್ತಾರೆ. ಒಬ್ಬರ ಹೆಸರು, ಅವರು ಉತ್ತರಿಸಬೇಕಾದ ಗಡುವು (ಏಳು ದಿನ ಸಾಕು), ತಿದ್ದುಪಡಿಯ ಸುತ್ತು ಎರಡೇ, ಮೂರನೆಯದಕ್ಕೆ ಬೇರೆ ಸಂಭಾವನೆ ಎಂದು ಬರೆಸಿ. ಚೂರು ಅಂಟಿಸಲು ಆರಂಭಿಸಿದ ಮೇಲೆ ವಿನ್ಯಾಸದ ಬದಲಾವಣೆ ಇಲ್ಲ, ಸುರಕ್ಷತೆಯ ಕಾರಣ ಮಾತ್ರ ಇದಕ್ಕೆ ಹೊರತು.

ಇದರ ಜೊತೆಗೆ ಗೋಡೆಯ ಮಾಲೀಕರ ಲಿಖಿತ ಒಪ್ಪಿಗೆ, ಸಾರ್ವಜನಿಕ ಹೊಣೆಗಾರಿಕೆ ವಿಮೆ ಯಾರದು, ಅಟ್ಟಣಿಗೆ ಕಟ್ಟಿಸುವವರು ಯಾರು, ಮಳೆಗೆ ಕೆಲಸ ನಿಂತರೆ ಆ ದಿನಗಳ ವಸತಿ ಯಾರದು, ಯೋಜನೆ ಮಧ್ಯದಲ್ಲಿ ರದ್ದಾದರೆ ಎಷ್ಟು ಹಣ ಎಂಬುದೂ ಬೇಕು. ಕಂತುಗಳನ್ನು ಸಹಿ ಹಾಕಿದಾಗ, ಮಾದರಿ ಫಲಕ ಒಪ್ಪಿದಾಗ, ಚೂರು ಅಂಟಿಸಿ ಮುಗಿದಾಗ, ಹಸ್ತಾಂತರಿಸಿದಾಗ ಎಂದು ಕೆಲಸದ ಹಂತಕ್ಕೆ ಕಟ್ಟಿ. ಸಾಮಗ್ರಿಯ ಹಣ ಮಾತ್ರ ಪೂರ್ತಿ ಮುಂಗಡವಾಗಿಯೇ ಬರಬೇಕು.

"ಏನಾದರೂ ಇಂಡಿಯನ್ ಥರ ಮಾಡಿಕೊಡಿ" ಎನ್ನುತ್ತಾರೆ. ಆನೆ, ನವಿಲು, ಮಂಡಲ ಮಾಡಲೇಬೇಕಾ?

ಬೇಕಿಲ್ಲ. ಕೇಳುವವರಲ್ಲಿ ಹೆಚ್ಚಿನವರಿಗೆ ದುರುದ್ದೇಶವಿರುವುದಿಲ್ಲ, ಅವರಿಗೆ ಗೊತ್ತಿರುವ ಭಾರತ ಅಷ್ಟೇ. ಬರೀ "ಇಲ್ಲ" ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬೇರೊಂದನ್ನು ಕೈಯಲ್ಲಿ ಹಿಡಿದು ಹೋಗಿ. ನಮ್ಮೂರಿನಿಂದ ಒಯ್ಯಲು ಚಿತ್ರಗಳಿಗಿಂತ ವಿಧಾನಗಳು ಉತ್ತಮ: ಬೆಂಗಳೂರಿನ ತಾರಸಿಗಳ ಮೇಲೆ ಒಡೆದ ಟೈಲ್ ಚೂರು ಹಾಸುವ ಗಾರೆಯವರ ಕೈಚಳಕ, ಚುಕ್ಕಿ ಲೆಕ್ಕದ ರಂಗೋಲಿಯ ಕಟ್ಟು, ಇಳಕಲ್ ಸೀರೆಯ ಅಂಚು ಮತ್ತು ಮೈ ಎಂಬ ವಿಭಜನೆ, ಕಸೂತಿಯ ನೇರ ಗೆರೆ–ಓರೆ ಗೆರೆಯ ವ್ಯಾಕರಣ. ಚೌಕ ಚೂರಿಗೆ ಕಸೂತಿ ಹೇಳಿ ಮಾಡಿಸಿದಂತಿದೆ. ಗೋಪುರ, ತೇರು, ತುಳಸಿಕಟ್ಟೆಯ ಜಾಗದಲ್ಲಿ ಆ ಊರಿನ ಸೇತುವೆ, ಗಡಿಯಾರ ಗೋಪುರ, ಅಂಗಳದ ಬೆಂಚನ್ನು ಅದೇ ವ್ಯಾಕರಣದಲ್ಲಿ ಅಲ್ಲಿಯವರೇ ಕಟ್ಟಬಹುದು. ನಮ್ಮದೂ ಬಂತು, ಅವರದೂ ಬಂತು.

ಕನ್ನಡ ಅಕ್ಷರ ಹಾಕುವ ಆಸೆ ಇದ್ದರೆ ಗಾತ್ರದ ಲೆಕ್ಕ ಮೊದಲು ಹಾಕಿ. ನಮ್ಮ ಅಕ್ಷರಗಳು ದುಂಡಗೆ, 10 ಮಿ.ಮೀ. ಚೂರಿನಲ್ಲಿ ತಲೆಕಟ್ಟು, ಹೊಟ್ಟೆ, ಒತ್ತು ಎಲ್ಲ ಬಿಡಿಸಿ ಕಾಣಬೇಕಾದರೆ ಒಂದು ಅಕ್ಷರಕ್ಕೆ ಕನಿಷ್ಠ 20–25 ಸೆಂ.ಮೀ. ಎತ್ತರ ಬೇಕು. ಅದಕ್ಕಿಂತ ಚಿಕ್ಕದಾದರೆ ಒತ್ತಕ್ಷರದ ಹೊಟ್ಟೆ ಗ್ರೌಟ್‌ನಲ್ಲಿ ಮುಚ್ಚಿಹೋಗುತ್ತದೆ. ಬರಹದ ಅರ್ಥವನ್ನು ಆ ಊರಿನ ಭಾಷೆಯಲ್ಲಿ ಬರೆದು ಒಪ್ಪಂದಕ್ಕೆ ಲಗತ್ತಿಸಿ. ಅರ್ಥ ಗೊತ್ತಿಲ್ಲದ ಅಕ್ಷರ ಸಾರ್ವಜನಿಕ ಗೋಡೆಯ ಮೇಲೆ ಅನುಮಾನ ಹುಟ್ಟಿಸುತ್ತದೆ, ಅದು ನ್ಯಾಯವೂ ಹೌದು. ತುಳಿಯುವ ನೆಲ, ಮೆಟ್ಟಿಲಿನ ಮೇಲೆ ಅಕ್ಷರ ಮತ್ತು ದೇವರ ರೂಪ ಬೇಡ. ಅಲ್ಲಿರುವ ನಮ್ಮವರೇ ನೊಂದುಕೊಳ್ಳುತ್ತಾರೆ.

ರಾಜಕೀಯ, ಧರ್ಮದ ವಿಷಯ ಎತ್ತಬಹುದೇ?

ಎತ್ತಬಹುದು, ಆದರೆ ಬಚ್ಚಿಟ್ಟು ಬೇಡ. ಗೆರೆಚಿತ್ರದ ಹಂತದಲ್ಲೇ ತೋರಿಸಿ, ಜಗಳವಾಡಬೇಕಿದ್ದರೆ ಕಾಗದದ ಮೇಲೇ ಆಡಿ. ಗಾರೆಯ ಮೇಲೆ ಗುಟ್ಟಾಗಿ ಸೇರಿಸಿದ ಚಿಹ್ನೆ ಬಯಲಾದ ದಿನ ಒಡೆಯುವುದು ಆ ಒಂದು ಮೂಲೆಯನ್ನಲ್ಲ, ಮಕ್ಕಳು ಮುದುಕರು ಸೇರಿ ಮಾಡಿದ ಇಡೀ ಗೋಡೆಯನ್ನು. ನೀವು ವಿಮಾನ ಹತ್ತಿ ಬಂದಿರುತ್ತೀರಿ, ಅವರು ಅಲ್ಲೇ ಇರಬೇಕು.

ಯಾವ ವಿಧಾನದಲ್ಲಿ ಹೆಚ್ಚು ಸ್ವಾತಂತ್ರ್ಯ? ನೇರವೋ, ಜಾಲರಿಯೋ, ಕಾಗದವೋ?

ನೇರವಾಗಿ ಗೋಡೆಗೇ ಅಂಟಿಸುವುದರಲ್ಲಿ ಕಲಾವಿದರಿಗೆ ಸ್ವಾತಂತ್ರ್ಯ ಹೆಚ್ಚು, ಭಾಗವಹಿಸುವವರಿಗೆ ಕಡಿಮೆ. ಟೈಲ್ ಅಂಟು ಹಚ್ಚಿದ ಮೇಲೆ ಸಾಮಾನ್ಯವಾಗಿ 20 ನಿಮಿಷದೊಳಗೆ ಚೂರು ಕೂರಬೇಕು. ಮೊದಲ ಸಲ ಮಾಡುವವರಿಗೆ ಅದು ಸಾಲದು. ಬಿಸಿಲು, ಗಾಳಿ ಇದ್ದರೆ ಹತ್ತೇ ನಿಮಿಷದಲ್ಲಿ ಮೇಲ್ಪದರ ಕಟ್ಟುತ್ತದೆ. ಬೆರಳಿಂದ ಮುಟ್ಟಿ ನೋಡಿ, ಅಂಟು ಬೆರಳಿಗೆ ಹತ್ತದಿದ್ದರೆ ಕೆರೆದು ತೆಗೆದು ಹೊಸದು ಹಚ್ಚಬೇಕು, ನೀರು ಚಿಮುಕಿಸಿ ಮೆತ್ತಗೆ ಮಾಡುವ ಹಾಗಿಲ್ಲ.

ಜಾಲರಿ, ಅಂದರೆ ಫೈಬರ್‌ಗ್ಲಾಸ್ ಮೆಶ್, ಗುಂಪಿನ ಕೆಲಸಕ್ಕೆ ಅನುಕೂಲ. ಮೇಜಿನ ಮೇಲೆ ಗೆರೆಚಿತ್ರ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಾಲರಿ. ಜನ ನಿಧಾನವಾಗಿ ಜೋಡಿಸಬಹುದು, ಮನಸ್ಸು ಬದಲಾದರೆ ಕಿತ್ತು ಮತ್ತೆ ಇಡಬಹುದು. ತಪ್ಪು ಆಗುವುದು ಎರಡು ಕಡೆ. ಒಂದು, ಅಂಟು. ಫೆವಿಕಾಲ್‌ನಂತಹ ಬಿಳಿ ಅಂಟನ್ನು ಧಾರಾಳವಾಗಿ ಸುರಿದರೆ ಜಾಲರಿಯ ಕಣ್ಣುಗಳು ಮುಚ್ಚಿಹೋಗಿ ಹಿಂದಿನ ಗಾರೆ ಚೂರಿಗೆ ಮುಟ್ಟುವುದೇ ಇಲ್ಲ; ಮೇಲಾಗಿ ಆ ಅಂಟು ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ಪ್ರತಿ ಚೂರಿಗೆ ಒಂದು ಚುಕ್ಕಿ, ನೀರಿಗೆ ಜಗ್ಗದ ಅಂಟು, ಅಷ್ಟೇ. ಕಾರಂಜಿ, ಹಿಮ ಬೀಳುವ ಹೊರಗೋಡೆಗೆ ಜಾಲರಿ ಬೇಡವೇ ಬೇಡ. ಎರಡು, ತುಂಡು ಮಾಡುವ ರೀತಿ. ಒಂದು ಅಡಿ ಚೌಕಗಳಾಗಿ ಕತ್ತರಿಸಿದರೆ ಗೋಡೆಯ ಮೇಲೆ ಆ ಚೌಕಗಳು ಜನ್ಮಪೂರ್ತಿ ಕಾಣುತ್ತವೆ. ವಿನ್ಯಾಸದ ಗೆರೆ ಹಿಡಿದು ವಂಕಿವಂಕಿಯಾಗಿ, 30–45 ಸೆಂ.ಮೀ. ಮೀರದಂತೆ ಕತ್ತರಿಸಿ. ಪ್ರತಿ ತುಂಡಿಗೂ ನಂಬರು, ಮೇಲ್ಮುಖದ ಬಾಣ, ಇಡೀ ಜೋಡಣೆಯ ಒಂದು ಫೋಟೊ ಇರಲೇಬೇಕು.

ಕಾಗದದ ವಿಧಾನದಲ್ಲಿ ದಪ್ಪ ಕಂದು ಕಾಗದದ ಮೇಲೆ ಚೂರುಗಳನ್ನು ಮುಖ ಕೆಳಗೆ ಮಾಡಿ ಮೈದಾ ಗೋಂದಿನಲ್ಲಿ ಅಂಟಿಸುತ್ತಾರೆ. ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು, ಗಂಟಿಲ್ಲದಂತೆ ಕಾಯಿಸಿದರೆ ಗೋಂದು ಸಿದ್ಧ. ಗೋಡೆಗೆ ಒತ್ತಿ, ಗಾರೆ ಹಿಡಿದ ಮೇಲೆ ಕಾಗದವನ್ನು ನೆನೆಸಿ ಸುಲಿಯುವುದು. ಚೂರಿನ ಹಿಂಬದಿ ಪೂರ್ತಿ ಗಾರೆಗೆ ಸಿಗುವುದರಿಂದ ಹಿಡಿತದಲ್ಲಿ ಇದನ್ನು ಜಾಲರಿ ಸರಿಗಟ್ಟದು. ಚಿತ್ರ ಮಾತ್ರ ಕನ್ನಡಿಯಂತೆ ತಿರುಗುಮುರುಗಾಗಿರುತ್ತದೆ, ಕೊನೆಯವರೆಗೂ ಮುಖ ಕಾಣುವುದಿಲ್ಲ. ಎರಡೂ ಬದಿ ಒಂದೇ ಬಣ್ಣದ ಗಾಜಿನ ಚೂರಿಗೆ ಇದು ಸರಿ. ಮೇಲ್ಮುಖದಲ್ಲಿ ಮಾತ್ರ ಹೊಳಪು ಇರುವ ಸೆರಾಮಿಕ್‌ಗೆ ಬಳಸಿದರೆ ಜನರಿಗೆ ತಾವು ಏನು ಮಾಡುತ್ತಿದ್ದೇವೆಂದೇ ಗೊತ್ತಾಗುವುದಿಲ್ಲ.

ನಮ್ಮ ಸಲಹೆ: ಪ್ರಧಾನ ಗೆರೆಗಳು ನೇರ ವಿಧಾನದಲ್ಲಿ, ತುಂಬುವ ಭಾಗ ಮೇಜಿನ ಮೇಲೆ.

10 ಚದರ ಮೀಟರ್ ಗೋಡೆಗೆ ಸಾಮಗ್ರಿ, ಸಮಯದ ಲೆಕ್ಕ ಹೇಗೆ?

20 ಮಿ.ಮೀ. ಗಾಜಿನ ಚೌಕ ಟೈಲ್, ಸಂದು ಒಂದೂವರೆ ಮಿ.ಮೀ. ಇದ್ದರೆ ಒಂದು ಚದರ ಮೀಟರಿಗೆ ಸುಮಾರು 2,150 ಬೇಕು. ಅದನ್ನೇ ನಾಲ್ಕಾಗಿ ಕತ್ತರಿಸಿ 10 ಮಿ.ಮೀ. ಚೂರು ಮಾಡಿದರೆ ಸುಮಾರು 7,500, ಅಂದರೆ ಚದರ ಅಡಿಗೆ 700. ಹೊಸಬರು ಕತ್ತರಿಸಿ ಜೋಡಿಸಲು ಚೂರಿಗೆ ಒಂದು ನಿಮಿಷ ಹಿಡಿದರೂ ಒಂದು ಚದರ ಅಡಿಗೆ 11–12 ಗಂಟೆ. 10 ಚದರ ಮೀಟರ್ ಅಂದರೆ ಸುಮಾರು 108 ಚದರ ಅಡಿ. ಎಲ್ಲವನ್ನೂ 10 ಮಿ.ಮೀ. ಚೂರಿನಲ್ಲೇ ಮಾಡುತ್ತೇನೆಂದರೆ ಸಾವಿರ ಗಂಟೆ ದಾಟುತ್ತದೆ. ಮೂರು ವಾರದಲ್ಲಿ ಮುಗಿಯದ ಕೆಲಸದಲ್ಲಿ ಕೊನೆಯ ವಾರ ಸ್ವಾತಂತ್ರ್ಯದ ಮಾತೇ ಬರುವುದಿಲ್ಲ, ಎಲ್ಲರೂ ಸಿಕ್ಕಿದ್ದನ್ನು ಒತ್ತುತ್ತಿರುತ್ತಾರೆ. ಆದ್ದರಿಂದ ಸಣ್ಣ ಚೂರು ಮುಖ, ಕೈ, ಅಕ್ಷರಕ್ಕೆ ಮಾತ್ರ. ಹಿನ್ನೆಲೆಗೆ 25–30 ಮಿ.ಮೀ. ಒಡೆದ ಟೈಲ್. ಅದು ಚದರ ಅಡಿಗೆ ನೂರು ಚಿಲ್ಲರೆ ಚೂರು, ಎರಡು ಗಂಟೆಯ ಕೆಲಸ.

ಟೈಲ್ ಅಂಟಿನ ಪುಡಿ, 6 ಮಿ.ಮೀ. ಹಲ್ಲಿನ ಕರಣೆಯಲ್ಲಿ ಎಳೆದರೆ, ಚದರ ಮೀಟರಿಗೆ 4–5 ಕೆ.ಜಿ. ಹತ್ತಕ್ಕೆ 20 ಕೆ.ಜಿ.ಯ ಮೂರು ಚೀಲ ತರಿಸಿ. ಗ್ರೌಟ್ ಲೆಕ್ಕ ಚೂರಿನ ಗಾತ್ರದ ಮೇಲೆ ಹೋಗುತ್ತದೆ: 4 ಮಿ.ಮೀ. ದಪ್ಪದ ಗಾಜು, 2 ಮಿ.ಮೀ. ಸಂದು ಎಂದಿಟ್ಟುಕೊಂಡರೆ 20 ಮಿ.ಮೀ. ಟೈಲ್‌ಗೆ ಚದರ ಮೀಟರಿಗೆ ಸುಮಾರು 1.3 ಕೆ.ಜಿ., 10 ಮಿ.ಮೀ. ಚೂರಿಗೆ 2.5 ಕೆ.ಜಿ., ದಪ್ಪ ಒಡೆದ ಟೈಲ್‌ಗೆ ಅಗಲ ಸಂದು ಬಿಟ್ಟರೆ 3 ಕೆ.ಜಿ. ದಾಟುತ್ತದೆ. ಜನರ ಕೆಲಸದಲ್ಲಿ ಸಂದು ಸಮ ಇರುವುದಿಲ್ಲವಾದ್ದರಿಂದ ಇದರ ಒಂದೂವರೆ ಪಟ್ಟು, ಎಲ್ಲವೂ ಒಂದೇ ಬ್ಯಾಚ್ ನಂಬರಿನದು, ಒಟ್ಟಿಗೇ ಕೊಳ್ಳಿ. ಬ್ಯಾಚ್ ಬದಲಾದರೆ ಬಣ್ಣ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ.

ಚೂರುಗಳನ್ನು ಬೆಂಗಳೂರಿನಿಂದಲೇ ಒಯ್ಯಬಹುದೇ?

ಎದ್ದು ಕಾಣುವ ಕೆಲವು ಬಣ್ಣ, ನೆನಪಿಗೆ ಒಂದಿಷ್ಟು ಮಾತ್ರ. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕೆ.ಜಿ., 10 ಮಿ.ಮೀ. ಗ್ರಾನೈಟ್ 27 ಕೆ.ಜಿ. ತೂಗುತ್ತದೆ. ವಿಮಾನದ ಒಂದು ಬ್ಯಾಗ್ 23 ಕೆ.ಜಿ. ಎಂದರೆ ಒಂದು ಚದರ ಮೀಟರ್ ಗ್ರಾನೈಟ್ ಕೂಡ ಹೋಗುವುದಿಲ್ಲ. ನಿಪ್ಪರ್ (ಚೂರು ಕತ್ತರಿಸುವ ಇಕ್ಕಳ), ಉಳಿ, ಕರಣೆ ಚೆಕ್-ಇನ್ ಸಾಮಾನಿನಲ್ಲಿ. ಸಿಮೆಂಟು, ಗ್ರೌಟ್ ಪುಡಿ ಒಯ್ಯಲೇಬೇಡಿ, ಅಲ್ಲಿಯೇ ಕೊಳ್ಳಿ. ಮಾಡಿ ಮುಗಿಸಿದ ಫಲಕಗಳನ್ನು ಹಡಗಿನಲ್ಲಿ ಕಳಿಸುವುದಾದರೆ ಮರದ ಪೆಟ್ಟಿಗೆಗೆ ಐಎಸ್‌ಪಿಎಂ 15 ಮುದ್ರೆ, ಅಂದರೆ ಹುಳು ಸಾಯುವಂತೆ ಮರವನ್ನು ಕಾಯಿಸಲಾಗಿದೆ ಎಂಬ ಅಂತರರಾಷ್ಟ್ರೀಯ ಗುರುತು, ಇರಬೇಕು. ಇಲ್ಲದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ. ಪ್ಲೈವುಡ್ ಪೆಟ್ಟಿಗೆಗೆ ಈ ಮುದ್ರೆ ಬೇಕಿಲ್ಲ.

ಚಳಿ ದೇಶದಲ್ಲಿ ನಮ್ಮ ಟೈಲ್ ನಿಲ್ಲುತ್ತದೆಯೇ?

ಬೆಂಗಳೂರಿನಲ್ಲಿ ಕಲಿತವರು ಎಡವುವುದು ಇಲ್ಲೇ, ಏಕೆಂದರೆ ಇಲ್ಲಿ ಹಿಮವಿಲ್ಲ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಟೈಲ್ ನೀರು ಕುಡಿದಿದ್ದರೆ ಒಳಗಿನಿಂದಲೇ ಸಿಡಿಯುತ್ತದೆ: ಮೊದಲ ಚಳಿಗಾಲಕ್ಕೆ ಹೊಳಪಿನ ಪದರ ಹೊಪ್ಪಳಿಕೆಯಾಗಿ ಏಳುತ್ತದೆ, ಎರಡನೆಯದಕ್ಕೆ ಚೂರೇ ಉದುರುತ್ತದೆ.

ಸ್ನಾನದ ಮನೆಯ ಗೋಡೆಗೆ ಹಾಕುವ ಹೊಳಪಿನ ಸೆರಾಮಿಕ್ ಟೈಲ್ ತನ್ನ ತೂಕದ ಶೇ 10ಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ವಿಟ್ರಿಫೈಡ್ ಟೈಲ್ ಕುಡಿಯುವುದು ಶೇ 0.5 ಅಥವಾ ಅದಕ್ಕಿಂತ ಕಡಿಮೆ. ಹಿಮದ ಊರಿಗೆ ಎರಡನೆಯದು, ಗಾಜು, ಅಥವಾ ಗ್ರಾನೈಟ್ ಮಾತ್ರ. ಜಿಗಣಿಯ ಗ್ರಾನೈಟ್ ಕಾರ್ಖಾನೆಗಳ ತುಂಡುಗಳು ಈ ವಿಷಯದಲ್ಲಿ ನಂಬಿಕಸ್ಥ. ಮಂಗಳೂರು ಹೆಂಚಿನ ಚೂರು ಹಾಕುವ ಆಸೆ ಬಹಳ ಜನರಿಗೆ. ಅದನ್ನು ಒಳಗೋಡೆಗೆ ಇಟ್ಟುಕೊಳ್ಳಿ. ಭಾಗವಹಿಸುವವರು ಮನೆಯಿಂದ ತರುವ ಹಳೆಯ ತಟ್ಟೆ, ಬಟ್ಟಲಿಗೂ ಇದೇ ಪರೀಕ್ಷೆ. ಒಡೆದ ಅಂಚಿನ ಮೇಲೆ ಒಂದು ಹನಿ ನೀರು ಬಿಡಿ: ಹನಿ ಹಾಗೇ ನಿಂತರೆ ಸರಿ, ಹೀರಿಕೊಂಡರೆ ಹೊರಗೋಡೆಗೆ ಬೇಡ. ಅನುಮಾನವಿದ್ದರೆ ಒಣಗಿಸಿ ತೂಗಿ, ಒಂದು ದಿನ ನೀರಿನಲ್ಲಿಟ್ಟು ಮತ್ತೆ ತೂಗಿ. ಯಾರದೋ ಅಜ್ಜಿಯ ಬಟ್ಟಲನ್ನು "ಆಗಲ್ಲ" ಎನ್ನುವುದು ಕಷ್ಟ. ಆದರೆ ಎರಡು ಚಳಿಗಾಲಕ್ಕೆ ಅದು ಉದುರುವುದನ್ನು ಅವರು ನೋಡುವುದು ಇನ್ನೂ ಕಷ್ಟ. ಸೂರಿನ ಕೆಳಗಿನ ಒಣ ಭಾಗದಲ್ಲಿ ಅಂಥವಕ್ಕೆ ಜಾಗ ಮಾಡಿಕೊಡಿ.

ಗಾರೆಗೂ ಚಳಿಯಾಗುತ್ತದೆ. ಗೋಡೆಯ ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅಂಟು, ಗ್ರೌಟ್ ಎರಡೂ ಹಿಡಿಯುವುದಿಲ್ಲ. ಹಗಲು 12 ಡಿಗ್ರಿ ಇದ್ದು ರಾತ್ರಿ ಸೊನ್ನೆಗಿಳಿದರೂ ಕೆಲಸ ಕೆಡುತ್ತದೆ. ಬೆಂಗಳೂರಿನಲ್ಲಿ ಮರುದಿನವೇ ಗ್ರೌಟ್ ಹಾಕಿ ಅಭ್ಯಾಸವಾದವರು ಅಲ್ಲಿ ಎರಡು ಮೂರು ದಿನ ಕಾಯಬೇಕು. ಹೊರಗೋಡೆಯ ಹಿಗ್ಗು-ಕುಗ್ಗಿಗೆ ಪ್ರತಿ 8ರಿಂದ 12 ಅಡಿಗೆ ಒಂದು ಮೆತ್ತನೆಯ ಸಂದು ಬಿಟ್ಟು ಸೀಲಂಟ್ ತುಂಬಬೇಕು. ಗೋಡೆಯಲ್ಲಿ ಮೊದಲೇ ಇರುವ ಸಂದಿನ ಮೇಲೆ ಮೊಸಾಯಿಕ್ ದಾಟಿಸಿದರೆ ಅದೇ ಜಾಗದಲ್ಲಿ ಸೀಳುತ್ತದೆ, ಇದಕ್ಕೆ ವಿನಾಯಿತಿಯೇ ಇಲ್ಲ. ಆ ಸಂದನ್ನು ಗೆರೆಚಿತ್ರದಲ್ಲೇ ಗುರುತಿಸಿ ನದಿಯೋ ಕಾಂಡವೋ ಮಾಡಿಕೊಳ್ಳಿ.

ಗ್ರೌಟ್‌ನ ಬಣ್ಣ ಅಷ್ಟು ಮುಖ್ಯವೇ?

ಬಹಳ. ಸಣ್ಣ ಚೂರಿನ ಕೆಲಸದಲ್ಲಿ ಗ್ರೌಟ್ ಮೇಲ್ಮೈಯ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೂ ಆವರಿಸುತ್ತದೆ. ಬಿಳಿ ಗ್ರೌಟ್ ಎಲ್ಲ ಬಣ್ಣವನ್ನೂ ಮಂಕಾಗಿಸಿ ಚೂರುಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಕಡು ಬೂದು ಗ್ರೌಟ್ ಚೂರುಗಳ ಬಣ್ಣವನ್ನು ಎತ್ತಿಹಿಡಿದು ಹಲವರ ಕೈಗಳ ವ್ಯತ್ಯಾಸವನ್ನು ಒಂದಾಗಿಸುತ್ತದೆ. ಜನರ ಕೆಲಸಕ್ಕೆ ನಡುಬೂದು ಅಥವಾ ಕಡು ಬೂದು ಸುರಕ್ಷಿತ. ಕೊನೆಯ ದಿನ ಯಾರಾದರೂ "ಬಿಳಿ ಹಾಕಿದರೆ ಶುಭ್ರವಾಗಿ ಕಾಣುತ್ತೆ" ಎಂದು ಹೇಳಿಯೇ ಹೇಳುತ್ತಾರೆ. ಮಾದರಿ ಫಲಕ ತೋರಿಸಿ, ಅದಕ್ಕಾಗಿಯೇ ಅದು ಇರುವುದು. ಅರೆಪಾರದರ್ಶಕ ಗಾಜಿನ ಹಿಂದಿನ ಅಂಟು ಮಾತ್ರ ಬಿಳಿಯೇ ಇರಬೇಕು, ಬೂದು ಅಂಟು ಗಾಜಿನ ಬಣ್ಣವನ್ನು ನುಂಗುತ್ತದೆ.

ಮಕ್ಕಳು ಬಂದರೆ?

ಕತ್ತರಿಸುವ ಮೇಜು ಬೇರೆ, ಜೋಡಿಸುವ ಮೇಜು ಬೇರೆ. ಚಿಕ್ಕ ಮಕ್ಕಳಿಗೆ ಅಂಚು ಉಜ್ಜಿದ ಸಿದ್ಧ ಚೂರು ಕೊಡಿ. ನಿಪ್ಪರ್ ಹಿಡಿಯುವ ಎಲ್ಲರಿಗೂ ಕನ್ನಡಕ ಕಡ್ಡಾಯ, ಟೈಲ್ ಧೂಳಿನಲ್ಲಿ ಸಿಲಿಕಾ ಇರುವುದರಿಂದ ಎನ್95 ಮಾಸ್ಕ್. ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳೊಂದಿಗೆ ಕೆಲಸ ಮಾಡಲು ಹಲವು ದೇಶಗಳಲ್ಲಿ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳುತ್ತಾರೆ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಮೊದಲೇ ಮಾಡಿಸಿಕೊಳ್ಳಿ.

ಯಾರೋ ಜೋಡಿಸಿದ್ದು ಚೆನ್ನಾಗಿಲ್ಲ. ಅವರು ಹೋದ ಮೇಲೆ ಸರಿಮಾಡಬಹುದೇ?

ಚೂರು ಅಲ್ಲಾಡುತ್ತಿದ್ದರೆ, ಅಂಚು ಮೇಲೆದ್ದು ಕೈಗೆ ತಾಗುತ್ತಿದ್ದರೆ, ಸಂದೇ ಇಲ್ಲದೆ ಒತ್ತೊತ್ತಾಗಿದ್ದರೆ ಸರಿಮಾಡಲೇಬೇಕು, ಹಾಗೆಂದು ಮೊದಲ ದಿನವೇ ಎಲ್ಲರಿಗೂ ಹೇಳಿರಬೇಕು. ಅಂದಕ್ಕಾಗಿ ಮಾತ್ರ ಬೇಡ. ಉದ್ಘಾಟನೆಯ ದಿನ ಆ ವ್ಯಕ್ತಿ ಮನೆಯವರನ್ನೆಲ್ಲ ಕರೆತಂದು ತನ್ನ ಮೀನು ಹುಡುಕುತ್ತಾರೆ. ಕಣ್ಣಿಗೆ ಬೀಳಲೇಬಾರದು ಅನ್ನಿಸಿದರೆ ಸುತ್ತಲಿನ ನಾಲ್ಕೈದು ಸಾಲನ್ನು ಅದರ ಹೊರಗೆರೆ ಹಿಡಿದು ಹರಿಸಿ. ಓರೆಯಾದ ಮೀನು ಬೇಕೆಂದೇ ಓರೆಯಾದಂತೆ ಕಾಣುತ್ತದೆ. ಮುಖ್ಯ ಕಲಾವಿದರ ಜಾಣ್ಮೆ ತೋರುವುದು ಇಂಥ ಕಡೆ.

ಕೃತಿಸ್ವಾಮ್ಯ ಯಾರದು? ಮುಂದೆ ಅವರು ಒಡೆದುಹಾಕಿದರೆ?

ಗೋಡೆ ಅವರದು, ಕೃತಿಯ ಮೇಲಿನ ಹಕ್ಕು ಬೇರೆಯದೇ. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕಲಾವಿದರ ಹೆಸರು ಮತ್ತು ಕೃತಿಯ ಅಖಂಡತೆಯನ್ನು ಕಾಯುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತುಹಾಕಿದ ಕಂಚಿನ ಭಿತ್ತಿಶಿಲ್ಪದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಶಿಲ್ಪಿ ಅಮರನಾಥ್ ಸೆಹಗಲ್ ಪರ ತೀರ್ಪು ಕೊಟ್ಟು, ಉಳಿದ ಭಾಗಗಳನ್ನು ಮರಳಿಸಲು ಮತ್ತು ಐದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಆದರೆ ಪರದೇಶದ ಗೋಡೆಗೆ ಅನ್ವಯಿಸುವುದು ಆ ದೇಶದ ಕಾನೂನು.

ಫ್ರಾನ್ಸ್‌ನಲ್ಲಿ ಕಲಾವಿದರ ನೈತಿಕ ಹಕ್ಕನ್ನು, ಅಂದರೆ ಈ ಹೆಸರು ಮತ್ತು ಅಖಂಡತೆಯ ಹಕ್ಕನ್ನು, ಮಾರಲೂ ಬಿಟ್ಟುಕೊಡಲೂ ಆಗುವುದಿಲ್ಲ. ಬ್ರಿಟನ್‌ನಲ್ಲಿ ಹೆಸರಿನ ಹಕ್ಕು ಬೇಕಾದರೆ ಅದನ್ನು ಲಿಖಿತವಾಗಿ ಘೋಷಿಸಿಕೊಳ್ಳಬೇಕು. ಒಪ್ಪಂದದಲ್ಲಿ ಒಂದು ಸಾಲು ಸಾಕು, ಮರೆತರೆ ಹಕ್ಕಿಗೆ ಬಲವಿಲ್ಲ. ಅಮೆರಿಕದಲ್ಲಿ 1990ರ ದೃಶ್ಯ ಕಲಾವಿದರ ಹಕ್ಕು ಕಾಯ್ದೆ ಇದೆ. ನ್ಯೂಯಾರ್ಕ್‌ನ 5ಪಾಯಿಂಟ್ಜ್ ಕಟ್ಟಡದ ಭಿತ್ತಿಚಿತ್ರಗಳಿಗೆ ಸುಣ್ಣ ಬಳಿದ ಮಾಲೀಕರಿಗೆ 2018ರಲ್ಲಿ ನ್ಯಾಯಾಲಯ 67.5 ಲಕ್ಷ ಡಾಲರ್ ಪರಿಹಾರ ಕೊಡಲು ಆದೇಶಿಸಿದ್ದು ಇದರಡಿಯಲ್ಲೇ. ಜನರೊಂದಿಗೆ ಕೆಲಸ ಮಾಡುವವರು ಗಮನಿಸಬೇಕಾದ ಅಂಶ ಇನ್ನೊಂದಿದೆ: ಆ ಕಾಯ್ದೆಯ ಪ್ರಕಾರ ಜಂಟಿ ಕೃತಿಯಲ್ಲಿ ಒಬ್ಬ ಕರ್ತೃ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದರೆ ಉಳಿದೆಲ್ಲರ ಹಕ್ಕೂ ಹೋಗುತ್ತದೆ. ಯಾರು ಜಂಟಿ ಕರ್ತೃಗಳು, ಯಾರು ಸಹಾಯಕರು ಎಂದು ಮೊದಲೇ ಬರೆದಿಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಭಾಗವಹಿಸಿದ ಎಲ್ಲರ ಹೆಸರೂ ಗೋಡೆಯ ಪಕ್ಕದ ಫಲಕದಲ್ಲಿ ಬರಲಿ, ಅದು ಕಾನೂನಿಗಿಂತ ಮೊದಲಿನ ಮರ್ಯಾದೆ.

ಕಾನೂನು ಇದ್ದರೂ ಕಟ್ಟಡ ಬದಲಾಗುತ್ತದೆ. ಲಂಡನ್‌ನ ಟಾಟೆನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣದಲ್ಲಿ 1980ರ ದಶಕದಲ್ಲಿ ಬಂದ ಎಡ್ವಾರ್ಡೊ ಪಾವೊಲೊಟ್ಸಿಯವರ ಮೊಸಾಯಿಕ್‌ಗಳಲ್ಲಿ ಹೆಚ್ಚಿನವು ಉಳಿದರೂ ಎಸ್ಕಲೇಟರ್ ಮೇಲಿನ ಕಮಾನುಗಳನ್ನು 2015ರ ನವೀಕರಣದಲ್ಲಿ ತೆಗೆದರು. ಅವುಗಳ ತುಣುಕುಗಳು ಎಡಿನ್‌ಬರ್ಗ್ ವಿಶ್ವವಿದ್ಯಾಲಯ ಸೇರಿದವು. ಹಾಗಾಗಿ "ತೆಗೆಯುವ 90 ದಿನ ಮೊದಲು ಲಿಖಿತ ಸೂಚನೆ, ಬಿಚ್ಚಿ ಒಯ್ಯಲು ಅವಕಾಶ" ಎಂದು ಬರೆಸಿ. ಸಾಧ್ಯವಿರುವ ಕಡೆ ಗೋಡೆಗೆ ನೇರ ಅಂಟಿಸದೆ ಸಿಮೆಂಟ್ ಬೋರ್ಡಿನ ಫಲಕಗಳ ಮೇಲೆ ಮಾಡಿ ತುಕ್ಕು ಹಿಡಿಯದ ಸ್ಕ್ರೂಗಳಲ್ಲಿ ಕೂರಿಸಿದರೆ ಬಿಚ್ಚುವುದು ನಿಜಕ್ಕೂ ಸಾಧ್ಯವಾಗುತ್ತದೆ.

ವೀಸಾ, ತೆರಿಗೆ?

ದುಡ್ಡು ತೆಗೆದುಕೊಳ್ಳದಿದ್ದರೂ ಹಲವು ದೇಶಗಳ ಕಣ್ಣಿಗೆ ಇದು "ಕೆಲಸ"ವೇ. ಪ್ರವಾಸಿ ವೀಸಾದಲ್ಲಿ ಹೋಗಬೇಡಿ. ಯಾವ ವರ್ಗದ ವೀಸಾ ಎಂಬುದನ್ನು ಕರೆಸುವವರು ಆಹ್ವಾನ ಪತ್ರದಲ್ಲೇ ಬರೆಯಲಿ. ಸಂಭಾವನೆಯಲ್ಲಿ ಅಲ್ಲಿಯೇ ತೆರಿಗೆ ಹಿಡಿಯುವುದು ಸಾಮಾನ್ಯ. ಎರಡು ಕಡೆ ತೆರಿಗೆ ಬೀಳದಿರಲು ಇಲ್ಲಿನ ಆದಾಯ ತೆರಿಗೆ ಇಲಾಖೆಯಿಂದ ತೆರಿಗೆ ನಿವಾಸಿ ಪ್ರಮಾಣಪತ್ರ ಪಡೆದು ಹೊರಡಿ, ಹಿಡಿದ ತೆರಿಗೆಯ ಚೀಟಿ ಕೇಳಿ ಪಡೆಯಿರಿ.

ಮುಗಿಸಿ ಬಂದ ಮೇಲೆ ನಿರ್ವಹಣೆ ಯಾರದು?

ಗೋಡೆಯ ಮಾಲೀಕರದು, ಆದರೆ ಅವರಿಗೆ ಅದು ಸಾಧ್ಯವಾಗುವಂತೆ ಮಾಡಿಟ್ಟು ಬರುವುದು ನಿಮ್ಮದು. ಒಂದು ಡಬ್ಬಿ ಬಿಟ್ಟುಬನ್ನಿ: ಪ್ರತಿ ಬಣ್ಣದ ಚೂರು ಶೇ 3–5ರಷ್ಟು, ಅದೇ ಬ್ಯಾಚಿನ ಗ್ರೌಟ್ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಎರಡು ಕೆ.ಜಿ., ಅಂಟಿನ ಹೆಸರು, ಗ್ರೌಟ್‌ನ ನಂಬರು, ನಂಬರು ಹಾಕಿದ ತುಂಡುಗಳ ಫೋಟೊ. ತೆರೆಯದ ಗ್ರೌಟ್ ಪುಡಿಗೂ ಆಯಸ್ಸು ಇದೆ, ಚೀಲದ ಮೇಲಿನ ದಿನಾಂಕವನ್ನು ಡಬ್ಬದ ಮೇಲೂ ಬರೆಯಿರಿ. ವರ್ಷಕ್ಕೊಮ್ಮೆ, ಚಳಿಗಾಲ ಮುಗಿದ ಕೂಡಲೇ, ಚೂರುಗಳನ್ನು ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಬೇಕು: ಟೊಳ್ಳು ಸದ್ದು ಬಂದ ಜಾಗದಲ್ಲಿ ಹಿಡಿತ ಬಿಟ್ಟಿದೆ ಎಂದರ್ಥ. ಬಿಳಿ ಉಪ್ಪು ಕಂಡರೆ ಆಸಿಡ್‌ಗೆ ಕೈಹಾಕುವ ಮೊದಲು ಹಿಂದಿನಿಂದ ನೀರು ಎಲ್ಲಿ ಬರುತ್ತಿದೆ ಹುಡುಕಬೇಕು. ಅಮೃತಶಿಲೆಯ ಚೂರು ಇರುವ ಕಡೆ ಯಾವ ಆಸಿಡ್ಡೂ ತಾಕಬಾರದು. ದುರಸ್ತಿಗೆ ನಿಮ್ಮನ್ನೇ ಕರೆಸುವುದು ದುಬಾರಿ, ಆದ್ದರಿಂದ ಭಾಗವಹಿಸಿದವರಲ್ಲಿ ಕೈ ಚೆನ್ನಾಗಿ ಕುದುರಿದ ಇಬ್ಬರಿಗೆ ಒಂದು ಚೂರು ಬಿಡಿಸಿ ಮರಳಿ ಕೂರಿಸುವುದನ್ನು ಹೊರಡುವ ಮುಂಚೆ ಕಲಿಸಿ, ಅವರ ಹೆಸರನ್ನು ನಿರ್ವಹಣೆಯ ಪತ್ರದಲ್ಲಿ ಬರೆಸಿ.